ಖಾಲಿ ಬಕೆಟ್ಟಿಗೆ ಬಂದ ಕರೆ

ನಮ್ಮ ಕ್ಯಾಂಪಿನಲ್ಲಿ ದೊಡ್ಡವರಿಗೆ ಬಕೆಟ್ ಹಿಡಿಯದ ಮನುಷ್ಯನೆಂದರೆ ಅವನೊಬ್ಬನೇ. ಆದರೂ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಬಕೆಟ್ ಎಂದೇ. ಬೆಟ್ಟ ಕೊರೆದು ಸುರಂಗ ಮಾಡುವವರ ಕ್ಯಾಂಪು ನಮ್ಮದು. ಅಲ್ಲಿ ನಾನು ಸ್ಟೋರಿನವನು. ನಟ್ಟು, ಬೋಲ್ಟು, ಹೆಲ್ಮೆಟ್ಟು, ಗಮ್‌ಬೂಟು ನನ್ನ ಸುಪರ್ದಿ. ಅವನು ಇಂಟರ್ನೆಟ್ಟಿನವನು. ತಗಡಿನ ಒಂದೇ ಕೋಣೆಯಲ್ಲಿ ಎದುರುಬದುರು ಮಂಚ ಹಾಕಿಕೊಂಡು ಇಬ್ಬರೂ ಇದ್ದೆವು. ನನ್ನದು ಮೊದಲೇ ಸಿಡುಕು ಸ್ವಭಾವ. ಅವನೋ, ಎಷ್ಟು ಬೈದರೂ ಮುಖ ನೋಡಿಕೊಂಡು ಕೂರುವ ಪೈಕಿ. ಇಂಥವನ ಜೊತೆ ಜಗಳವಾಡುವುದೂ ಒಂದು ಶಿಕ್ಷೆ. ಅರ್ಧಕ್ಕೇ ಉಸಿರು ಹೋಗುತ್ತದೆ.

ಆ ವರ್ಷ ಕೆಳಗಿನ ತಿರುವಿನಲ್ಲಿ ಗುಡ್ಡ ಜಾರಿತು. ರಸ್ತೆ ಹೋಯಿತು, ರಸ್ತೆಯ ಪಕ್ಕದಲ್ಲಿ ಹೂತಿದ್ದ ಕೇಬಲ್ ಹೋಯಿತು, ಮೊಬೈಲ್ ಟವರು ಮಣ್ಣಿನಡಿ ಮಲಗಿತು. ಯಾರೂ ಸಾಯಲಿಲ್ಲ, ಅದೊಂದು ಪುಣ್ಯ. ಆದರೆ ಕೆಳಗಿನವರು ಮೇಲೆ ಬರುವಂತಿಲ್ಲ, ಮೇಲಿನವರು ಕೆಳಗೆ ಇಳಿಯುವಂತಿಲ್ಲ. ಹೆಲಿಕಾಪ್ಟರ್ ಬಂದು ದಿನಸಿ, ಔಷಧಿ ಇಳಿಸಿ ಹೋಗುತ್ತಿತ್ತು. ಕೈಕಾಲು ಮುರಿದವರಿಗಲ್ಲದೆ ಇನ್ಯಾರಿಗೂ ಅದರಲ್ಲಿ ಜಾಗವಿಲ್ಲ. ಇದ್ದೊಂದು ಉಪಗ್ರಹ ಫೋನನ್ನು ಮಣ್ಣು ತೆಗೆಯುವವರು ಕೊಂಡೊಯ್ದಿದ್ದರು. ಉಳಿದದ್ದು ಆಫೀಸಿನ ಮಾಡಿನ ಮೇಲಿದ್ದ ಒಂದು ತಟ್ಟೆ ಆಂಟೆನಾ. ಕಚೇರಿಯ ನಾಲ್ಕು ಕಾಗದಪತ್ರ ಕಳಿಸಲೆಂದು ಯಾವಾಗಲೋ ಹಾಕಿದ್ದ ಸಣ್ಣ ಲೈನು ಅದು. ಈಗ ಇಡೀ ಕ್ಯಾಂಪು ಅದಕ್ಕೆ ಬಾಯಿ ಹಚ್ಚಿತು.

ಮೊದಲ ವಾರ ನರಕ. ಒಬ್ಬ ಸಿನಿಮಾ ಹಾಕಿಕೊಂಡು ಕೂತರೆ ಉಳಿದವರೆಲ್ಲ ಬಾಯಿ ಬಾಯಿ ಬಿಡಬೇಕು. ಹೆಂಡತಿಯ ಹತ್ತಿರ ಮಾತಾಡಲಾಗದ ವೆಲ್ಡಿಂಗಿನವನು ಸಿನಿಮಾ ನೋಡುತ್ತಿದ್ದವನ ಕುತ್ತಿಗೆಪಟ್ಟಿ ಹಿಡಿದ. ಆಗ ಇವನು ಎಲ್ಲರ ಇಂಟರ್ನೆಟ್ಟೂ ಹಾದುಹೋಗುವ ತನ್ನ ಪ್ರಾಕ್ಸಿ ಸರ್ವರಿನ ಮುಂದೆ ಎರಡು ದಿನ ಕೂತು ಎದ್ದು ಬಂದು, ಊಟದ ಶೆಡ್ಡಿನಲ್ಲಿ ಮೇಜಿನ ಮೇಲೆ ಹತ್ತಿ ನಿಂತು ಹೇಳಿದ.

"ನೋಡ್ರಪ್ಪ, ಇನ್ಮೇಲೆ ಒಬ್ಬೊಬ್ಬರಿಗೂ ಒಂದೊಂದು ಬಕೆಟ್. ಎಲ್ಲಾ ಒಂದೇ ಅಳತೆ. ಅದಕ್ಕೆ ನೆಟ್ಟು ಹನಿ ಹನಿಯಾಗಿ ಬೀಳ್ತಾ ಇರುತ್ತೆ. ಬಕೆಟ್ ತುಂಬಿದ್ರೆ ಬೇಕಾದಷ್ಟು ವೇಗವಾಗಿ ಸುರ್ಕೊಳ್ಳಿ. ಖಾಲಿಯಾದ್ರೆ ಮತ್ತೆ ಹನಿ ಲೆಕ್ಕವೇ. ಸುಮ್ನಿದ್ದವನ ಬಕೆಟ್ ತುಂಬುತ್ತೆ, ಕೆರೀತಾ ಇರೋನದ್ದು ಯಾವಾಗ್ಲೂ ಖಾಲಿ."

"ಸಾಹೇಬರಿಗೆ ಡ್ರಮ್ಮು ಇಟ್ಟಿದ್ಯೇನೋ?" ಎಂದ ಹಿಂದಿನಿಂದ ಯಾರೋ.

"ಅವರಿಗೂ ಬಕೆಟ್ಟೇ. ನನಗೂ ಬಕೆಟ್ಟೇ."

ಎಲ್ಲರೂ ನಕ್ಕರು. ಹೆಸರು ಅಂದೇ ಅಂಟಿತು.

ಆ ಸರ್ವರಿನದ್ದು ಇನ್ನೊಂದು ಗುಣ. ಒಬ್ಬ ಒಮ್ಮೆ ತರಿಸಿದ್ದನ್ನು ಅದು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಎರಡನೆಯವನು ಅದನ್ನೇ ಕೇಳಿದರೆ ಹೊರಗೆ ಹೋಗದೆ ಒಳಗಿನಿಂದಲೇ ಎತ್ತಿ ಕೊಡುತ್ತದೆ, ಬಕೆಟ್ಟಿಗೆ ಕೈಯೇ ಹಾಕುವುದಿಲ್ಲ. ಹಾಗಾಗಿ ಪೇಪರು, ಹವಾಮಾನ, ಯಾವನೋ ಜಾರಿ ಬಿದ್ದ ನಗೆ ವಿಡಿಯೋ ಎಲ್ಲರಿಗೂ ಪಟ್ಟನೆ ಸಿಗುತ್ತಿತ್ತು. ಆದರೆ ಮನೆಯವರ ದನಿಯನ್ನು ಯಾವ ಸರ್ವರು ಮೊದಲೇ ಇಟ್ಟುಕೊಳ್ಳುತ್ತದೆ? ಅದು ಆಗಿಂದಾಗ್ಗೆ ಬರಬೇಕು, ಅವರವರ ಬಕೆಟ್ಟಿನಿಂದಲೇ ಬರಬೇಕು.

ಹೀಗಾಗಿ ನಮ್ಮಲ್ಲಿ ಒಂದು ಪದ್ಧತಿಯೇ ಹುಟ್ಟಿಕೊಂಡಿತು. ಮನೆಗೆ ಮಾತಾಡುವ ದಿನ ಬೆಳಿಗ್ಗೆಯಿಂದಲೇ ಫೋನು ಬಂದ್. ಬಕೆಟ್ ತುಂಬಲಿ ಎಂದು ಗಂಡಸರು ಉಪವಾಸ ಕೂತವರ ಹಾಗೆ ಕೂರುತ್ತಿದ್ದರು. ದಾರಿಯಲ್ಲಿ ಸಿಕ್ಕರೆ ಊಟ ಆಯ್ತಾ ಎಂದು ಕೇಳುವುದು ನಿಂತು, "ತುಂಬ್ತಾ?" ಎಂದು ಕೇಳುವುದು ಶುರುವಾಯಿತು. ತುಂಬಿದ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಹೆಂಡತಿ ಮಕ್ಕಳ ಮುಖ ನಿಚ್ಚಳ ಕಾಣುತ್ತದೆ, ಮಾತು ತಡವರಿಸದೆ ಬರುತ್ತದೆ. ಅಷ್ಟರೊಳಗೆ ಮುಖ್ಯವಾದದ್ದನ್ನೆಲ್ಲ ಹೇಳಿಬಿಡಬೇಕು. ಆಮೇಲೆ ಚಿತ್ರ ಕಲ್ಲಾಗಿ ನಿಲ್ಲುತ್ತದೆ.

ನಮ್ಮ ಜನ ಬಿಡುತ್ತಾರೆಯೇ? ಸರ್ವರ್ ಆರಿ ಹತ್ತಿದರೆ ಎಲ್ಲರ ಬಕೆಟ್ಟೂ ತುಂಬಿಯೇ ಶುರುವಾಗುತ್ತದೆ ಎಂಬುದನ್ನು ಯಾವನೋ ಪತ್ತೆ ಹಚ್ಚಿದ. ಅಲ್ಲಿಂದ ಆಫೀಸಿಗೆ ಹೋದವರೆಲ್ಲರ ಕಾಲಿಗೆ ಅದರ ಪ್ಲಗ್ಗು ತಾಗತೊಡಗಿತು. "ಅಯ್ಯೋ, ಗೊತ್ತಾಗ್ಲಿಲ್ಲಪ್ಪ!" ಎನ್ನುವುದು, ಹೊರಗೆ ಬಂದು ಫೋನು ತೆಗೆಯುವುದು. ಬಕೆಟ್ ಒಂದು ವಾರ ನೋಡಿದ. ಸರ್ವರಿನೊಳಗೆ ಒಂದೇ ಒಂದು ಸಾಲು ಬದಲಾಯಿಸಿ, ಇನ್ನು ಮುಂದೆ ಅದು ಯಾವಾಗ ಹತ್ತಿದರೂ ಎಲ್ಲರ ಬಕೆಟ್ಟೂ ಬರಿದಾಗಿಯೇ ಶುರುವಾಗುವ ಹಾಗೆ ಮಾಡಿದ. ಮಾರನೆಯ ದಿನದಿಂದ ಪ್ಲಗ್ಗಿನ ಹತ್ತಿರ ಯಾರ ಕಾಲೂ ಸುಳಿಯಲಿಲ್ಲ.

ಅವನಿಗೆ ಹಿಂದುಮುಂದು ಎಂದು ಇದ್ದವಳು ಒಬ್ಬ ಅಕ್ಕ. ಅಪ್ಪ ಅಮ್ಮ ಹೋದಾಗ ಅವನಿನ್ನೂ ಹಾಲುಹಲ್ಲಿನ ಹುಡುಗ. ಮದುವೆಯ ವಯಸ್ಸಿನ ಅಕ್ಕ ಮದುವೆಗೆ ಎಳ್ಳುನೀರು ಬಿಟ್ಟು ಅವನನ್ನು ಸಾಕಿದಳು. ಊರಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಕಡೆಗೆ, ಎಷ್ಟು ಹೊತ್ತಿಗೆ ಎಂದು ಕೂಗುವುದು ಅವಳ ಕೆಲಸ. ನಾನು ಅವಳನ್ನು ನೋಡಿದ್ದು ಫೋನಿನಲ್ಲಿ ಮಾತ್ರ. ಆದರೆ ಆ ದನಿ! ಕೋಣೆಯಲ್ಲಿ ಅವಳ ಫೋನು ಬಂದರೆ ಪಕ್ಕದ ಶೆಡ್ಡಿನವರೂ ಕಿವಿ ನಿಮಿರಿಸುತ್ತಿದ್ದರು.

"ಏನೋ ಸ್ಟೋರಿನವನೇ, ನನ್ನ ಮರಿ ಊಟ ಮಾಡ್ತಾನೋ, ಗಾಳಿ ಕುಡೀತಾನೋ?" ಎಂದು ನನ್ನನ್ನೂ ವಿಚಾರಿಸಿಕೊಳ್ಳುತ್ತಿದ್ದಳು.

"ತಿಂತಾನೆ ಅಕ್ಕಾ, ನನ್ನ ತಲೆಯನ್ನ."

"ಅದರಲ್ಲಿ ಏನಿದೆ ಅಂತ ತಿಂತಾನೋ!"

ಆ ದನಿಗೇ ಕುತ್ತು ಬಂತು. ಮೊದಲು ಗಂಟಲು ಕಟ್ಟಿದ ಹಾಗಾಯಿತಂತೆ, ಆಮೇಲೆ ನುಂಗಲು ಕಷ್ಟ. ಡಾಕ್ಟರು ನೋಡಿ, ಗಡ್ಡೆ ಧ್ವನಿಪೆಟ್ಟಿಗೆಯಲ್ಲೇ ಕೂತಿದೆ, ಅದನ್ನು ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಹೋಗುತ್ತದೆ ಎಂದರು. ಗುಡ್ಡ ಜಾರಿದ ಮೇಲೆ ಬಂದ ಸುದ್ದಿ ಇದು. ಅಕ್ಕನಿಗೆ ಆಪರೇಷನ್ನಿನ ದಿನ ನಿಗದಿಯಾಯಿತು, ಇವನಿಗೆ ಇಳಿಯಲು ರಸ್ತೆಯಿಲ್ಲ. ಮಂಚದ ತುದಿಯಲ್ಲಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡವನನ್ನು ನೋಡಿ ನನಗೆ ಬೈಯಲೂ ಬಾಯಿ ಬರಲಿಲ್ಲ.

"ಹೇಳೋದನ್ನೆಲ್ಲ ರೆಕಾರ್ಡ್ ಮಾಡಿ ಕಳಿಸು ಅಕ್ಕಾ, ನಿಧಾನಕ್ಕೆ ಇಳಿಸ್ಕೊಂಡು ಕೇಳ್ತೀನಿ" ಎಂದು ಇವನು ಕೇಳಿಕೊಂಡ. ಅವಳು ಸುತಾರಾಂ ಒಪ್ಪಲಿಲ್ಲ. ಆ ಹೊತ್ತಿಗೆ ದನಿ ಒಡೆದು ಗೊರಗೊರ ಎನ್ನುತ್ತಿತ್ತು.

"ಜನ್ಮವೆಲ್ಲಾ ಮೈಕಿಗೆ ಮಾತಾಡಿದ್ದೀನಿ ಮರಿ. ಒಂದು ದಿನ ಒಬ್ಬರು ತಿರುಗಿ ಹೂಂ ಅನ್ನಲಿಲ್ಲ. ಕೊನೇ ಮಾತನ್ನೂ ಗೋಡೆಗೆ ಆಡಲ್ಲ. ಒಳಗೆ ಹೋಗೋಕ್ ಮುಂಚೆ ಫೋನ್ ಮಾಡ್ತೀನಿ. ನಿನ್ನನ್ನ ಒಂದು ಕೇಳೋದಿದೆ. ನೀನು ಹೂಂ ಅನ್ನು, ಊಹೂಂ ಅನ್ನು, ನಾನು ಕೇಳಿಸ್ಕೊಂಡು ಹೋಗ್ತೀನಿ."

"ಏನು ಕೇಳೋದು, ಈಗಲೇ ಕೇಳು."

"ಈಗ ಕೇಳಿದ್ರೆ ಅವತ್ತು ಏನ್ ಮಾತಾಡ್ಲಿ?" ಎಂದು ನಕ್ಕಳು. ನಗುವಾಗ ಕೆಮ್ಮು ಬಂತು. ಅಲ್ಲಿಗೆ ಬಕೆಟ್ ಮುಗಿದು ಚಿತ್ರ ನಿಂತಿತು.

ಆಪರೇಷನ್ನಿನ ದಿನ ಬೆಳಿಗ್ಗೆ ಎದ್ದವನೇ ಅವನು ಫೋನು ಆರಿಸಿ ನನ್ನ ಕೈಗೆ ಕೊಟ್ಟ. "ನನ್ನ ಹತ್ರ ಇದ್ರೆ ನೋಡ್ತೀನಿ ಕಣೋ. ನೀನೇ ಇಟ್ಕೋ." ಮಧ್ಯಾಹ್ನದ ಊಟದ ಹೊತ್ತಿಗೆ ಅವಳನ್ನು ಒಳಗೆ ಕರೆದೊಯ್ಯುವುದು, ಅದಕ್ಕೆ ಸ್ವಲ್ಪ ಮುಂಚೆ ಫೋನು. ಬಕೆಟ್ ಅಂಚಿನವರೆಗೆ ತುಂಬಿರುತ್ತದೆ, ಬೇಕಾದಷ್ಟಾಯಿತು.

"ಇವತ್ತೊಂದು ದಿನ ನಿನಗೆ ನೀನೇ ಎರಡು ಬಕೆಟ್ ಹಾಕ್ಕೊಂಡ್ರೆ ಯಾರ ಗಂಟು ಹೋಗುತ್ತೆ?" ಎಂದೆ.

"ವೆಲ್ಡಿಂಗಿನವನ ಹೆಂಡತಿ ಬಾಣಂತಿ. ಅವನಿಗೆ ನಾನು ಹಾಕಿಲ್ಲ."

ಇಂಥವನಿಗೆ ಏನು ಹೇಳುತ್ತೀರಿ? ನಾನು ಅವನ ಫೋನು ಜೇಬಿಗಿಟ್ಟು ಸ್ಟೋರಿಗೆ ಹೋದೆ.

ಕ್ಯಾಂಪಿನ ತುಂಬ ಸುದ್ದಿ ಹರಡಿತ್ತು. ಅವನು ಆಫೀಸಿಗೆ ನಡೆದು ಹೋಗುವಾಗ ಒಬ್ಬೊಬ್ಬರೂ "ತುಂಬ್ತಾ?" ಎಂದು ಕೇಳಿದರು. ಅವನು ತಲೆಯಾಡಿಸಿದ. ಒಂದಿಬ್ಬರು ಹೇಳದೆ ಕೇಳದೆ ತಮ್ಮ ಫೋನನ್ನೂ ಆರಿಸಿ ಜೇಬಿಗೆ ಹಾಕಿಕೊಂಡದ್ದನ್ನು ನಾನೇ ಕಂಡೆ.

ಹನ್ನೊಂದರ ಚಹಾಕ್ಕೆ ನಾನು ಅವನ ಫೋನು ಹಿಡಿದು ಸರ್ವರ್ ಕೋಣೆಗೆ ಹೋದರೆ, ಕ್ಯಾಂಪಿನ ಸಾಹೇಬರು ಅಲ್ಲೇ ನಿಂತಿದ್ದರು. ಎರಡು ದಿನದ ಗಡ್ಡ, ಕಣ್ಣು ಕೆಂಡ. ಕೆಟ್ಟ ಮನುಷ್ಯನೇನಲ್ಲ, ಆದರೆ ಆ ದಿನವೇ ಲೈನು ಕೇಳಲು ಬಂದವರನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

"ಕೆಳಗಿನ ಹೆಡ್ಡಾಫೀಸಿನವರು ಈಗಲೇ ಮೀಟಿಂಗ್ ಅಂತಿದ್ದಾರೆ" ಎಂದರು ಅವನಿಗೆ. "ಜಾರಿದ ಜಾಗವನ್ನ ನೇರ ತೋರಿಸಬೇಕಂತೆ. ನೋಡಿದ ಮೇಲೆ ದೊಡ್ಡ ಯಂತ್ರ ಕಳಿಸ್ತಾರೆ. ಇಲ್ಲದಿದ್ರೆ ಇನ್ನೂ ಒಂದು ತಿಂಗಳು ಇಲ್ಲೇ ಕೊಳೀತೀವಿ. ನನ್ನ ಬಕೆಟ್ಟಲ್ಲಿ ಆಗಲ್ಲ ಅದು. ಲೈನು ಬಿಡಪ್ಪ, ಕೈ ಮುಗೀತೀನಿ."

"ಸಾರ್, ಊಟದ ಹೊತ್ತಿಗೆ ನನ್ನ ಅಕ್ಕನ..."

"ಗೊತ್ತು. ಅಷ್ಟರೊಳಗೆ ಮುಗಿಸ್ತೀನಿ. ಆ ರಸ್ತೆ ತೆರೆದರೆ ನೀನೇ ಹೋಗಿ ಅಕ್ಕನ ಪಕ್ಕ ಕೂರಬಹುದು."

ಅದೊಂದು ಮಾತು ಅವನನ್ನು ಗೆದ್ದಿತು. ರಸ್ತೆ ತೆರೆದರೆ ಎಲ್ಲರಿಗೂ ತೆರೆದ ಹಾಗೆ. ಅವನು ಕೂತು, ಸಾಹೇಬರ ಕಂಪ್ಯೂಟರಿಗೆ ಯಾವ ಮಿತಿಯೂ ಬೇಡವೆಂದು ಬರೆದು, ಹೊಸ ನಿಯಮ ಜಾರಿಗೆ ಬರಲೆಂದು ಸರ್ವರನ್ನು ಆರಿಸಿ ಹತ್ತಿಸಿದ. ಸಾಹೇಬರು ಬೆನ್ನು ತಟ್ಟಿ ಓಡಿದರು. ನನಗೆ ಏನೂ ಹೊಳೆಯಲಿಲ್ಲ. ಅವನಿಗೂ ಹೊಳೆದಿರಲಿಲ್ಲ. ಮನಸ್ಸು ಎಲ್ಲೋ ಆಸ್ಪತ್ರೆಯ ಮೊಗಸಾಲೆಯಲ್ಲಿತ್ತು. ಚಹಾದ ಲೋಟ ಬಾಯಿಗಿಟ್ಟವನು ಹಾಗೇ ನಿಂತುಬಿಟ್ಟ.

"ಏನಾಯ್ತೋ?"

"ಆರಿಸಿ ಹತ್ತಿಸಿದೆ" ಎಂದ. "ಬಕೆಟ್ ಖಾಲಿಯಾಯ್ತು ಕಣೋ. ನಾನೇ ಹಾಗೆ ಬರೆದಿದ್ದೆನಲ್ಲ. ಎಲ್ಲರದ್ದೂ ಖಾಲಿಯಾಯ್ತು. ನಂದೂ."

ಪ್ಲಗ್ಗಿಗೆ ಕಾಲು ತಾಗಿಸುವ ಕಳ್ಳರನ್ನು ಹಿಡಿಯಲು ಇಟ್ಟ ಬೋನಿಗೆ ತಾನೇ ಬಿದ್ದಿದ್ದ. "ಇನ್ನೂ ಹೊತ್ತಿದೆ, ತುಂಬುತ್ತೆ ಬಿಡು" ಎಂದೆ. ಅವನು ಪರದೆಯ ಕಡೆ ಬೆರಳು ತೋರಿಸಿದ. ಸಾಹೇಬರ ಮೀಟಿಂಗು ಇದ್ದ ಲೈನನ್ನೆಲ್ಲ ಎಳೆದುಕೊಳ್ಳುತ್ತಿರುವಾಗ ಹನಿಯಾದರೂ ಎಲ್ಲಿಂದ ಬೀಳಬೇಕು?

ಇನ್ನೇನು ಕಾದಿತ್ತೋ ನೋಡಿ: ಆಸ್ಪತ್ರೆಯವರು ಹೊತ್ತಿಗೆ ಮುಂಚೆಯೇ ಅವಳನ್ನು ಹೊರಡಿಸಿದರು. ಫೋನು ಹತ್ತಿಸಿ ಇನ್ನೂ ಮೇಜಿನ ಮೇಲೆ ಇಟ್ಟಿದ್ದನಷ್ಟೆ, ಬಡಿದುಕೊಂಡಿತು. ಅಕ್ಕನ ಜೊತೆಗಿದ್ದ ಪಕ್ಕದ ಮನೆಯಾಕೆಯ ನಂಬರು. ಅವನು ಎತ್ತಿದ. ಚಿತ್ರವಿಲ್ಲ, ಬರೀ ದನಿ. ದನಿಯೂ ಅಲ್ಲ, ದನಿಯ ಚೂರು.

"ಮರಿ... ನಾ... ಲ್ಲಿ... ಅವ... ಗೆ..."

"ಅಕ್ಕಾ! ಅಕ್ಕಾ, ಕೇಳಿಸ್ತಿದೆ, ಹೇಳು!"

"...ದ್ದು... ನೀನು... ಬೇ..."

ಬೇಕೋ, ಬೇಡವೋ? ಅಷ್ಟೂ ತಿಳಿಯಲಿಲ್ಲ. ಅವನು ಫೋನನ್ನು ಕಿವಿಗೆ ಒತ್ತಿದ, ಕಿಟಕಿಯ ಹತ್ತಿರ ಹೋದ, ಹೊರಗೆ ಓಡಿದ, ಮತ್ತೆ ಒಳಗೆ ಬಂದ. ಅದರಿಂದ ಆಗುವುದು ಏನೂ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಬೆಟ್ಟದ ಮೇಲೆ ಯಾರೂ ಇರಲಿಲ್ಲ. ಆದರೂ ಓಡಾಡಿದ. ನಾನು ಗೋಡೆಗೆ ಆತುಕೊಂಡು ನಿಂತಿದ್ದೆ.

ಆಮೇಲೆ ಅವನು ಸರ್ವರಿನ ಮುಂದೆ ಕೂತ. ಮಿತಿಯಿಲ್ಲದವರ ಸಾಲಿನಲ್ಲಿ, ಸಾಹೇಬರ ಕಂಪ್ಯೂಟರಿನ ನಂಬರಿನ ಪಕ್ಕದಲ್ಲಿ, ತನ್ನ ಫೋನಿನ ನಂಬರನ್ನೂ ಬರೆದ. ಎರಡು ಸಲ ತಪ್ಪಿತು, ಅಳಿಸಿ ಮತ್ತೆ ಬರೆದ. ಇನ್ನು ಆರಿಸಿ ಹತ್ತಿಸುವುದೊಂದೇ ಬಾಕಿ. ಹತ್ತಿದರೆ ಅಕ್ಕನ ದನಿ ಗಂಟೆ ಬಾರಿಸಿದ ಹಾಗೆ ಬರುತ್ತದೆ. ಆದರೆ ಆರಿಸಿದರೆ ಈಗಿರುವ ಕರೆ ಕತ್ತರಿಸಿಹೋಗುತ್ತದೆ. ಆ ದರಿದ್ರ ಯಂತ್ರಕ್ಕೆ ಮಲಗುವಾಗಲೂ ತಡ, ಏಳುವಾಗಲೂ ತಡ. ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಸರಿ ಇದೆಯೇ ಎಂದು ನೋಡಿಕೊಂಡೇ ಅದು ಕಣ್ಣು ಬಿಡುವುದು. ಅಷ್ಟರೊಳಗೆ ಅವಳನ್ನು ಒಳಗೆ ತಳ್ಳಿಕೊಂಡು ಹೋದರೆ?

ಅವನು ತಿರುಗಿ ನನ್ನ ಮುಖ ನೋಡಿದ. "ಏನ್ ಮಾಡ್ಲೋ? ಕತ್ತರಿಸ್ಲಾ? ಹೇಳೋ!"

ಯಾರದೋ ಅಕ್ಕನ ಕೊನೆಯ ಮಾತಿಗೆ ನಾನು ಏನು ಹೇಳಲಿ? ಫೋನಿನಲ್ಲಿ "...ರಿ..." ಎಂದು ಇನ್ನೊಂದು ಚೂರು ಬಿತ್ತು.

"ಅಕ್ಕಾ, ಒಂದೇ ನಿಮಿಷ ಇರು! ಇಡಬೇಡ, ನಾನೇ ಮಾಡ್ತೀನಿ, ಏನೂ ಹೇಳ್ಬೇಡ, ನಿಲ್ಲು!" ಎಂದು ಗಂಟಲು ಹರಿಯುವ ಹಾಗೆ ಕೂಗಿ ಅವನು ಗುಂಡಿ ಒತ್ತಿದ. ಫೋನು ಸುಮ್ಮನಾಯಿತು.

ಆಚೆ ಸಾಹೇಬರ ಕೋಣೆಯಿಂದ ಕಿರುಚು ಕೇಳಿತು. ಅವರ ಮೀಟಿಂಗೂ ಬಿದ್ದಿತ್ತು. ಬೂಟು ಬಡಿಯುತ್ತಾ ಬಂದವರನ್ನು ನಾನು ಬಾಗಿಲಲ್ಲೇ ತಡೆದೆ.

"ಯಾರು ಕತ್ತರಿಸಿದ್ದು?"

"ನಾನೇ ಸಾರ್. ಪ್ಲಗ್ಗು ಕಾಲಿಗೆ ತಾಗಿತು."

ಅವರು ನನ್ನ ಹೆಗಲ ಮೇಲಿಂದ ಒಳಗೆ ನೋಡಿದರು. ಎರಡೂ ಕೈಯಲ್ಲಿ ಫೋನು ಹಿಡಿದು, ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕೂತವನನ್ನು ನೋಡಿದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅಲ್ಲೇ ಹೊಸ್ತಿಲ ಆಚೆ ನಿಂತರು.

ಸರ್ವರ್ ಎದ್ದಿತು. ಅವನು ಕರೆ ಮಾಡಿದ. ಆ ಕಡೆ ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಮತ್ತೆ. ಕೊನೆಗೆ ಪಕ್ಕದ ಮನೆಯಾಕೆ ಎತ್ತಿದರು. ಅಷ್ಟು ದಿನದಲ್ಲಿ ಅಂಥ ನಿಚ್ಚಳ ದನಿ ನಾವು ಕೇಳಿರಲಿಲ್ಲ, ಪಕ್ಕದಲ್ಲೇ ನಿಂತು ಮಾತಾಡಿದ ಹಾಗಿತ್ತು.

"ಅಕ್ಕ ಒಳಗೆ ಹೋದ್ರಪ್ಪ. ನರ್ಸ್ ಈಗ ತಾನೇ ಫೋನ್ ತಂದುಕೊಟ್ರು. ಬಾಗಿಲ ಹತ್ರ ಅಕ್ಕನೇ ಕಿವಿಗೆ ಹಿಡ್ಕೊಂಡಿದ್ರು, ನನ್ನನ್ನ ಅಲ್ಲೀವರೆಗೆ ಬಿಡಲಿಲ್ಲ. ದೂರದಿಂದ ನೋಡ್ತಿದ್ದೆ. ತುಂಬಾ ಹೊತ್ತು ಮಾತಾಡಿದ್ರು ನಿನ್ನ ಜೊತೆ. ಸಮಾಧಾನ ಆಯ್ತು ಕಾಣುತ್ತೆ, ಮುಖ ಎಷ್ಟು ಹಗುರಾಗಿತ್ತು!"

ತುಂಬಾ ಹೊತ್ತು. ಇವನ ಕೂಗು ಅವಳಿಗೆ ಮುಟ್ಟಿರಲೇ ಇಲ್ಲ, ಈ ಕಡೆ ಲೈನು ಸತ್ತ ಮೇಲೂ ಅವಳು ಮಾತಾಡಿದ್ದಳು. ಮೈಕಿನ ಮುಂದೆ ಕೂತವಳಿಗೆ ಆ ಕಡೆಯ ಮೌನ ಹೊಸದಲ್ಲ. ತಮ್ಮ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಿರಬೇಕು. ಅವನು ಫೋನನ್ನು ಮೇಜಿನ ಮೇಲಿಟ್ಟು ಹಣೆಯನ್ನು ಮೇಜಿಗೆ ಬಡಿದುಕೊಂಡ. ನಾನು ಹಿಡಿದುಕೊಂಡೆ. ಸಾಹೇಬರೂ ಒಳಗೆ ಬಂದು ಇನ್ನೊಂದು ಕಡೆ ಹಿಡಿದುಕೊಂಡರು. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ, ಇನ್ನು ನೋಡುವುದೂ ಬೇಡ.

ಆಪರೇಷನ್ ಚೆನ್ನಾಗಿ ಆಯಿತು. ಸಾಹೇಬರು ಮೀಟಿಂಗು ಮತ್ತೆ ಮಾಡಿದರು, ಕೆಳಗಿನವರು ಯಂತ್ರ ಕಳಿಸುತ್ತೇವೆ ಎಂದರಂತೆ. ಅವನು ತನ್ನ ನಂಬರನ್ನೂ ಸಾಹೇಬರ ನಂಬರನ್ನೂ ಸರ್ವರಿನಿಂದ ಅಳಿಸಿ ಎಲ್ಲರನ್ನೂ ಮೊದಲಿನ ಅಳತೆಗೇ ತಂದ. ಆಮೇಲೆ ಹಗಲೂ ರಾತ್ರಿ ಅಕ್ಕನ ಮಾತಿನ ಆ ಚೂರುಗಳನ್ನೇ ಜೋಡಿಸುತ್ತಾ ಇರುತ್ತಿದ್ದ. ಊಟದ ನಡುವೆ ಇದ್ದಕ್ಕಿದ್ದ ಹಾಗೆ "ಅವ, ಗೆ ಅಂದ್ರೆ ಅವಳಿಗೆ ಅಂತಲೋ, ಅವನಿಗೆ ಅಂತಲೋ?" ಎಂದು ನನ್ನನ್ನು ಕೇಳುತ್ತಿದ್ದ. ಮನೆ ಮಾರುವ ಮಾತೋ, ಇವನ ಮದುವೆಯ ಮಾತೋ, ತಾನು ಸತ್ತರೆ ಏನೆಂಬ ಮಾತೋ? ನನ್ನ ತಲೆಯೂ ಕೆಟ್ಟಿತು. "ಅವಳನ್ನೇ ಕೇಳೋ, ಬರೆದು ತೋರಿಸ್ತಾಳೆ" ಎಂದೆ. "ಕೇಳ್ತೀನಿ" ಎಂದ.

ಅಕ್ಕ ಎದ್ದು ಕೂರುವ ಹಾಗಾದ ಮೇಲೆ ವಿಡಿಯೋ ಕರೆ ಬಂತು. ಆ ದಿನವೂ ಅವನು ಫೋನನ್ನು ನನ್ನ ಕೈಗೆ ಕೊಟ್ಟು ಬಕೆಟ್ ತುಂಬಿಸಿಕೊಂಡಿದ್ದ. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ದಿಂಬಿನ ಹೊಲಿಗೆ ಕಾಣುತ್ತಿತ್ತು. ಕುತ್ತಿಗೆಗೆ ಬಿಳಿ ಪಟ್ಟಿ, ಅದರ ನಡುವೆ ಉಸಿರಾಡುವ ಕೊಳವೆ. ಮುಖ ಅರ್ಧವಾಗಿತ್ತು. ನನ್ನನ್ನು ಕಂಡು ಹುಬ್ಬು ಹಾರಿಸಿದಳು, ಊಟ ಮಾಡ್ತಾನಾ ಎಂದು ಕೈಸನ್ನೆಯಲ್ಲಿ ಕೇಳಿದಳು. ನಾನು ಅಲ್ಲಿ ನಿಲ್ಲಲಾರದೆ ಪಕ್ಕಕ್ಕೆ ಸರಿದೆ, ಆದರೆ ಪರದೆ ಕಾಣುತ್ತಿತ್ತು.

ಅವಳು ತೊಡೆಯ ಮೇಲಿದ್ದ ಸಣ್ಣ ಹಲಗೆಯ ಮೇಲೆ ಬರೆದು ಎತ್ತಿ ತೋರಿಸಿದಳು. "ಅವತ್ತು ಹೇಳಿದ್ದು ಕೇಳಿಸ್ತಾ?"

ಈಗ ಕೇಳುತ್ತಾನೆ ಎಂದುಕೊಂಡೆ. ಇಲ್ಲ ಅಕ್ಕಾ, ಲೈನು ಕತ್ತರಿಸಿಹೋಯ್ತು, ಇನ್ನೊಂದು ಸಲ ಬರಿ ಎನ್ನುತ್ತಾನೆ. ಅವನು ಬಾಯಿ ತೆರೆದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ರೆಪ್ಪೆ ಹೊಡೆಯದೆ.

"ಕೇಳಿಸ್ತು ಅಕ್ಕಾ" ಎಂದ. "ಎಲ್ಲಾ ಕೇಳಿಸ್ತು."

ಅವಳ ಮುಖ ಅರಳಿತು. ಅಂಗೈಯಲ್ಲೇ ಹಲಗೆ ಒರೆಸಿ ಮತ್ತೆ ಬರೆದಳು. "ಹೂಂ ಅಂತೀಯಾ?"

ನಾನು ಪಕ್ಕದಿಂದ ಕೈ ಬೀಸಿದೆ, ಬೇಡ ಬೇಡ ಎಂದು ತಲೆಯಾಡಿಸಿದೆ. ಅವನು ನನ್ನ ಕಡೆ ನೋಡಲೇ ಇಲ್ಲ.

"ಹೂಂ ಅಕ್ಕಾ. ನೀನು ಹೇಳಿದ ಹಾಗೇ ಆಗಲಿ."

ಅವಳು ಹಲಗೆ ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು, ಸದ್ದಿಲ್ಲ. ಹಾಗೆ ಇರುವಾಗಲೇ ಬಕೆಟ್ ಮುಗಿದು ಚಿತ್ರ ನಿಂತುಹೋಯಿತು.

ನನಗೆ ಸಿಟ್ಟು ನೆತ್ತಿಗೇರಿತು. "ಯಾವುದಕ್ಕೆ ಹೂಂ ಅಂದ್ಯೋ? ಮನೆಗಾ, ಮದುವೆಗಾ, ಯಾವುದಕ್ಕೆ?"

"ಗೊತ್ತಿಲ್ಲ."

"ತಲೆ ಕೆಟ್ಟಿದೆಯಾ ನಿನಗೆ? ಇನ್ನೊಂದು ಸಲ ಬರಿ ಅನ್ನೋದಕ್ಕೆ ಏನಾಗಿತ್ತು?"

ಅವನು ಪರದೆಯ ಮೇಲೆ ನಿಂತ ಚಿತ್ರವನ್ನೇ ನೋಡುತ್ತಿದ್ದ.

"ಅದು ಅವಳು ಬಾಯಿಬಿಟ್ಟು ಆಡಿದ ಕೊನೇ ಮಾತು ಕಣೋ. ಯಾರಿಗೂ ಕೇಳಿಸ್ಲಿಲ್ಲ ಅಂತ ಹೇಗೆ ಹೇಳ್ಲಿ?"